ಓದುಗರ ಪ್ರಶ್ನೆಗೆ ಉತ್ತರ: ಬೆಂಗಳೂರಿನಲ್ಲಿ ನೀರು ನೂರು ಡಿಗ್ರಿಗೆ ಕುದಿಯುವುದಿಲ್ಲ

ಕಳೆದ ತಿಂಗಳು ಬಂದ ಪತ್ರಗಳಲ್ಲಿ ಕೆಲವು, ಒಂದಕ್ಕೊಂದು ಸಂಬಂಧವಿಲ್ಲದ ಓದುಗರಿಂದ ಬಂದಿದ್ದರೂ, ಕುದಿಯುವ ನೀರನ್ನು ಕುರಿತೇ ಇದ್ದವು. ಅವನ್ನು ಒಟ್ಟಿಗೆ ಇಟ್ಟು ಉತ್ತರಿಸುವುದೇ ಸರಿ ಎಂದು ತೋರಿದ್ದರಿಂದ ಈ ಸಂಚಿಕೆಯ ಅಂಕಣ ಪೂರ್ತಿ ಅವುಗಳಿಗೇ ಮೀಸಲಾಗಿದೆ.

ಪ್ರಶ್ನೆ: ನಾನು ಜಯನಗರದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕಿ. ಒಂಬತ್ತನೆಯ ತರಗತಿಯ ಮಕ್ಕಳು ನೀರು ಕುದಿಸಿ ಉಷ್ಣತೆ ಅಳೆದಾಗ ಏಳು ಗುಂಪುಗಳ ಪೈಕಿ ಆರಕ್ಕೆ 97 ಡಿಗ್ರಿ ಸೆಲ್ಸಿಯಸ್ ಬಂತು. ಥರ್ಮಾಮೀಟರುಗಳು ಅಗ್ಗದವು, ರೆಕಾರ್ಡಿನಲ್ಲಿ 100 ಎಂದೇ ಬರೆಸಿಬಿಡಿ ಎಂದು ಸಹೋದ್ಯೋಗಿಗಳು ಹೇಳಿದರು. ಹಾಗೆಯೇ ಬರೆಸಿದೆ. ಮನಸ್ಸು ಮಾತ್ರ ಒಪ್ಪುತ್ತಿಲ್ಲ. ಮಕ್ಕಳು ಅಳೆದದ್ದು ತಪ್ಪೇ?

ಉತ್ತರ: ತಪ್ಪಲ್ಲ. ದಯವಿಟ್ಟು ಆ ರೆಕಾರ್ಡುಗಳನ್ನು ಮರಳಿ ತರಿಸಿಕೊಂಡು, ಕಂಡದ್ದನ್ನೇ ಬರೆಯಲು ಮಕ್ಕಳಿಗೆ ಹೇಳಿ. ಆ ಆರು ಗುಂಪುಗಳು ಬೆಂಗಳೂರಿನ ನೀರಿನ ಕುದಿಬಿಂದುವನ್ನು ಸರಿಯಾಗಿಯೇ ಅಳೆದಿವೆ.

ನೀರು ಎಷ್ಟು ತಣ್ಣಗಿದ್ದರೂ ಅದರ ಕೆಲವು ಅಣುಗಳು ಆವಿಯಾಗಿ ಹೊರಬೀಳುತ್ತಲೇ ಇರುತ್ತವೆ. ಒಗೆದ ಬಟ್ಟೆ ನೆರಳಿನಲ್ಲಿಯೂ ಒಣಗುವುದು ಇದರಿಂದಲೇ. ಹೀಗೆ ಹೊರಡುವ ಆವಿಗೆ ತನ್ನದೇ ಆದ ಒತ್ತಡವಿದೆ, ಮತ್ತು ನೀರು ಬಿಸಿಯಾದಂತೆಲ್ಲ ಅದು ಬಹುಬೇಗ ಏರುತ್ತದೆ. 25 ಡಿಗ್ರಿಯಲ್ಲಿ ಆವಿಯ ಒತ್ತಡ ಕೇವಲ 32 ಹೆಕ್ಟೋಪಾಸ್ಕಲ್ (ಒತ್ತಡವನ್ನು ಅಳೆಯುವ ಮಾನ). 50 ಡಿಗ್ರಿಯಲ್ಲಿ 123. 80 ಡಿಗ್ರಿಯಲ್ಲಿ 474. 100 ಡಿಗ್ರಿಯಲ್ಲಿ 1013. ಪಾತ್ರೆಯ ತಳದಲ್ಲಿ ಹುಟ್ಟುವ ಗುಳ್ಳೆಯೊಂದನ್ನು ನೆನೆದುಕೊಳ್ಳಿ. ಒಳಗಿನ ಆವಿ ಅದನ್ನು ಹಿಗ್ಗಿಸಲು ನೋಡುತ್ತದೆ, ನೀರಿನ ಮೇಲೆ ಕುಳಿತಿರುವ ವಾಯುಮಂಡಲ ಅದನ್ನು ಅದುಮಲು ನೋಡುತ್ತದೆ. ಆವಿಯ ಬಲ ಸಾಲದಿರುವಷ್ಟು ಹೊತ್ತು ಗುಳ್ಳೆಗಳು ಹುಟ್ಟಿದರೂ, ಮೇಲಿನ ತಣ್ಣನೆಯ ನೀರಿಗೆ ಬರುತ್ತಿದ್ದಂತೆ ಕುಸಿದುಹೋಗುತ್ತವೆ. ಎಸರು ಮರಳುವ ಮುನ್ನ ಪಾತ್ರೆಯಿಂದ ಕೇಳಿಬರುವ ಸುಂಯ್ ಎಂಬ ಸದ್ದು ಆ ಕುಸಿತದ್ದು. ಒಳಗಿನ ಆವಿಯ ಒತ್ತಡ ಹೊರಗಿನ ಒತ್ತಡಕ್ಕೆ ಸಮನಾದ ಕ್ಷಣದಿಂದ ಗುಳ್ಳೆಗಳು ಕುಸಿಯದೆ ಮೇಲೇರಿ ಒಡೆಯುತ್ತವೆ, ನೀರು ಕೊತಕೊತನೆ ಕುದಿಯುತ್ತದೆ. ಆದ್ದರಿಂದ ಕುದಿಯುವಿಕೆ ಎನ್ನುವುದು ನೀರು ಇಷ್ಟೇ ಬಿಸಿಯಾಗಿದೆ ಎಂಬುದರ ಗುರುತಲ್ಲ. ಎರಡು ಒತ್ತಡಗಳು ಸಮನಾಗಿವೆ ಎಂಬುದರ ಗುರುತು.

ಇನ್ನು ನಮ್ಮ ಊರಿಗೆ ಬರೋಣ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಮಂಗಳೂರಿನಲ್ಲಿ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಗಾಳಿಯ ಭಾರ 1 ಕಿಲೋಗ್ರಾಂಗಿಂತ ಸ್ವಲ್ಪ ಹೆಚ್ಚಿದ್ದರೆ, ಇಲ್ಲಿ ಅದು ಸುಮಾರು 930 ಗ್ರಾಂ, ಅಂದರೆ 910 ಹೆಕ್ಟೋಪಾಸ್ಕಲಿನ ಆಸುಪಾಸು. ನೀರಿನ ಆವಿಯ ಒತ್ತಡ 909 ಹೆಕ್ಟೋಪಾಸ್ಕಲ್ ಮುಟ್ಟುವುದು ಯಾವ ಉಷ್ಣತೆಯಲ್ಲಿ ಎಂದು ಕೋಷ್ಟಕದಲ್ಲಿ ನೋಡಿದರೆ ಸಿಗುವ ಉತ್ತರ 97 ಡಿಗ್ರಿ. ನಿಮ್ಮ ಮಕ್ಕಳ ಸಂಖ್ಯೆಯೂ ಅದೇ.

ಪಠ್ಯಪುಸ್ತಕದ 100 ಸುಳ್ಳಲ್ಲ, ಆದರೆ ಅದಕ್ಕೊಂದು ಷರತ್ತು ಅಂಟಿಕೊಂಡಿದೆ. ಪಾಠ ಹೇಳುವಾಗ ನಾವು ಷರತ್ತನ್ನು ಬಿಟ್ಟು ಸಂಖ್ಯೆಯನ್ನಷ್ಟೇ ಉಳಿಸಿಕೊಂಡಿದ್ದೇವೆ. ಒತ್ತಡಕ್ಕೆ ತಕ್ಕಂತೆ ಕುದಿಬಿಂದು ಬದಲಾಗುತ್ತದೆಂದು ಫ್ಯಾರನ್‌ಹೀಟ್ 1724ರಲ್ಲಿಯೇ ಬರೆದಿದ್ದರು. ಸ್ವೀಡನ್ನಿನ ಆಂಡರ್ಸ್ ಸೆಲ್ಸಿಯಸ್ 1742ರಲ್ಲಿ ತಮ್ಮ ಮಾಪನವನ್ನು ರೂಪಿಸಿದಾಗ, ಕುದಿಯುವ ನೀರಿನ ಗುರುತು ಹಾಕಲು ವಾಯುಭಾರ ಎಷ್ಟಿರಬೇಕೆಂಬುದನ್ನೂ ಸೇರಿಸಿಯೇ ಹೇಳಿದ್ದರು. ಯಾರ ಹೆಸರಿನ ಡಿಗ್ರಿಯನ್ನು ನಾವು ಬಳಸುತ್ತೇವೆಯೋ ಅವರೇ ಮರೆಯದಿದ್ದ ಷರತ್ತು ಇದು.

ಥರ್ಮಾಮೀಟರಿನ ಬಗೆಗೆ ಸಂದೇಹ ಉಳಿದಿದ್ದರೆ ಅದನ್ನು ಪರೀಕ್ಷಿಸುವ ದಾರಿ ಸುಲಭವಾಗಿದೆ. ಮಂಜುಗಡ್ಡೆಯನ್ನು ಕುಟ್ಟಿ, ಸ್ವಲ್ಪ ನೀರು ಬೆರೆಸಿ, ಅದರಲ್ಲಿ ಥರ್ಮಾಮೀಟರನ್ನು ಕೆಲವು ನಿಮಿಷ ಇಡಿ. ಮಂಜು ಕರಗುವ ಬಿಂದು ಒತ್ತಡಕ್ಕೆ ಬಹುಮಟ್ಟಿಗೆ ಬಗ್ಗುವುದಿಲ್ಲ. ಇಡೀ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚಿದರೂ ಅದು ಡಿಗ್ರಿಯ ನೂರನೇ ಒಂದು ಭಾಗದಷ್ಟೂ ಕದಲದು. ಅಲ್ಲಿ ಸೊನ್ನೆ ತೋರಿಸಿದ ಥರ್ಮಾಮೀಟರು ಕುದಿಯುವಾಗ 97 ತೋರಿಸಿದರೆ ಅದರ ಮಾತನ್ನು ನಂಬಬಹುದು. ಕುದಿಬಿಂದುವನ್ನು ಅಳೆಯುವಾಗ ಥರ್ಮಾಮೀಟರಿನ ಬುರುಡೆಯನ್ನು ನೀರಿನಲ್ಲಿ ಅದ್ದದೆ, ನೀರಿಗೆ ತುಸು ಮೇಲೆ, ಆವಿಯಲ್ಲಿ ಹಿಡಿಯಬೇಕು. ಏಕೆಂದರೆ ನುಣ್ಣನೆಯ ಶುಭ್ರವಾದ ಗಾಜಿನ ಪಾತ್ರೆಯಲ್ಲಿ ಗುಳ್ಳೆ ಹುಟ್ಟಲು ಆಸರೆ ಸಿಗದೆ ನೀರು ಒಂದೆರಡು ಡಿಗ್ರಿ ಹೆಚ್ಚೇ ಕಾಯುವುದುಂಟು. ಒಡೆದ ಮಡಕೆಯ ಒಂದೆರಡು ಚೂರುಗಳನ್ನು ಮೊದಲೇ ಹಾಕಿದರೆ ಈ ತೊಂದರೆ ತಪ್ಪುತ್ತದೆ. ಏಳನೆಯ ಗುಂಪಿಗೆ ಬೇರೆ ಸಂಖ್ಯೆ ಏಕೆ ಬಂತು ಎಂಬುದನ್ನು ಮಕ್ಕಳೇ ಹುಡುಕಲಿ.

ಇದನ್ನು ಇನ್ನೂ ಒಂದು ಹೆಜ್ಜೆ ಮುಂದೆ ಒಯ್ಯಬಹುದು. ಸುಮಾರು 300 ಮೀಟರ್ ಮೇಲೇರಿದರೆ ಕುದಿಬಿಂದು 1 ಡಿಗ್ರಿ ಇಳಿಯುತ್ತದೆ ಎಂಬ ಸ್ಥೂಲ ಲೆಕ್ಕವನ್ನು ಮಕ್ಕಳಿಗೆ ಕೊಟ್ಟರೆ, 3 ಡಿಗ್ರಿಯ ಇಳಿತದಿಂದ ತಮ್ಮ ಊರು ಸುಮಾರು 900 ಮೀಟರ್ ಎತ್ತರದಲ್ಲಿದೆ ಎಂಬುದನ್ನು ಅವರು ಪ್ರಯೋಗಶಾಲೆಯ ಮೇಜಿನ ಮುಂದೆ ನಿಂತೇ ಕಂಡುಹಿಡಿಯುತ್ತಾರೆ. ಶಾಲೆಯ ಥರ್ಮಾಮೀಟರಿನಲ್ಲಿ ಒಂದು ಗೆರೆ ತಪ್ಪಿದರೆ 300 ಮೀಟರ್ ತಪ್ಪುತ್ತದೆ ಎಂಬುದನ್ನೂ ಅವರಿಗೆ ಹೇಳಬೇಕು. ಸರ್ವೆ ಇಲಾಖೆಗಾಗಿ ವೇಷ ಮರೆಸಿಕೊಂಡು ಟಿಬೆಟ್ಟಿಗೆ ನಡೆದು ಹೋಗಿ 1866ರಲ್ಲಿ ಲಾಸಾ ತಲುಪಿದ ಕುಮಾವೂಂನ ನೈನ್ ಸಿಂಗ್ ರಾವತ್ ಕೂಡ, ಯಾರ ಕಣ್ಣಿಗೂ ಬೀಳದಂತೆ ಬಚ್ಚಿಟ್ಟುಕೊಂಡಿದ್ದ ಥರ್ಮಾಮೀಟರನ್ನು ಕುದಿಯುವ ನೀರಿಗೆ ಹಿಡಿದು, ಆ ನಗರದ ಎತ್ತರವನ್ನು ಲೆಕ್ಕಹಾಕಿದ್ದರು. ಅವರ ಕೈಯಲ್ಲಿದ್ದ ವಿದ್ಯೆ ಇದೇ. ಪುಸ್ತಕದಲ್ಲಿ 100 ಎಂದಿದೆಯೆಂದು ಅವರೂ 100 ಎಂದೇ ಬರೆದುಕೊಂಡಿದ್ದರೆ ಅಷ್ಟು ದೂರ ನಡೆದದ್ದು ವ್ಯರ್ಥವಾಗುತ್ತಿತ್ತು.

ಪ್ರಶ್ನೆ: ನಾನು ನಿವೃತ್ತ ಎಂಜಿನಿಯರ್, ರಾಜಾಜಿನಗರ. ಬೆಂಗಳೂರಿನ ವಾಯುಭಾರ 910ರ ಆಸುಪಾಸು ಎಂದು ಓದಿದ್ದೇನೆ, ಆದರೆ ನನ್ನ ಮೊಬೈಲಿನ ಹವಾಮಾನ ಆ್ಯಪ್ ದಿನವೂ 1012, 1014 ಎಂದು ತೋರಿಸುತ್ತದೆ. ಎರಡರಲ್ಲಿ ಯಾವುದು ನಿಜ?

ಉತ್ತರ: ಎರಡೂ ನಿಜ, ಆದರೆ ಎರಡೂ ಒಂದೇ ವಿಷಯವನ್ನು ಹೇಳುತ್ತಿಲ್ಲ. ಮಂಗಳೂರು, ಬೆಂಗಳೂರು, ಮಡಿಕೇರಿಗಳ ಒತ್ತಡವನ್ನು ಇದ್ದ ಹಾಗೆಯೇ ನಕ್ಷೆಯಲ್ಲಿ ಬರೆದರೆ ಎತ್ತರದ ಊರುಗಳಲ್ಲೆಲ್ಲ ಸದಾ ವಾಯುಭಾರ ಕುಸಿದಂತೆ ಕಾಣುತ್ತದೆ, ಬರುತ್ತಿರುವ ಮಳೆಯ ಸುಳಿವು ಅದರಲ್ಲಿ ಮುಚ್ಚಿಹೋಗುತ್ತದೆ. ಅದಕ್ಕಾಗಿ ಹವಾಮಾನ ತಜ್ಞರು ಪ್ರತಿ ಊರಿನ ಅಳತೆಯನ್ನೂ, ಆ ಊರು ಸಮುದ್ರ ಮಟ್ಟದಲ್ಲಿದ್ದಿದ್ದರೆ ಎಷ್ಟಿರುತ್ತಿತ್ತೋ ಅಷ್ಟಕ್ಕೆ ಪರಿವರ್ತಿಸಿ ಪ್ರಕಟಿಸುತ್ತಾರೆ. ಆ್ಯಪ್ ತೋರಿಸುವುದು ಆ ಸಂಖ್ಯೆಯನ್ನು. ನಿಮ್ಮ ಒಲೆಯ ಮೇಲಿನ ನೀರಿಗೆ ಗೊತ್ತಿರುವುದು ಮಾತ್ರ ನಿಜವಾದ ಸ್ಥಳೀಯ ಒತ್ತಡ. ಕೆಲವು ಮೊಬೈಲುಗಳಲ್ಲಿ ಒತ್ತಡ ಅಳೆಯುವ ಸೆನ್ಸರ್ ಇರುತ್ತದೆ. ಅದನ್ನು ನೇರವಾಗಿ ಓದುವ ಆ್ಯಪ್ ಹಾಕಿಕೊಂಡರೆ 910ರ ಹತ್ತಿರದ ಸಂಖ್ಯೆಯೇ ಕಾಣುತ್ತದೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತವಾದ ದಿನಗಳಲ್ಲಿ ಇಲ್ಲಿನ ಒತ್ತಡ ನಾಲ್ಕೈದು ಹೆಕ್ಟೋಪಾಸ್ಕಲ್ ಇಳಿದರೆ ಕುದಿಬಿಂದುವೂ ಡಿಗ್ರಿಯ ಹತ್ತನೇ ಒಂದೂವರೆ ಭಾಗದಷ್ಟು ಇಳಿಯುತ್ತದೆ. ಅಡುಗೆಯಲ್ಲಿ ಅದು ತಿಳಿಯುವಂಥದ್ದಲ್ಲ.

ಪ್ರಶ್ನೆ: ನನ್ನ ತವರು ಉಡುಪಿಯ ಹತ್ತಿರ, ಈಗ ಇರುವುದು ಮಲ್ಲೇಶ್ವರದಲ್ಲಿ. ಅಮ್ಮ ಕುಚ್ಚಲಕ್ಕಿ ಗಂಜಿಯನ್ನು ತೆರೆದ ಪಾತ್ರೆಯಲ್ಲೇ ಮಾಡುತ್ತಾರೆ. ಊರಿನಿಂದ ಅದೇ ಅಕ್ಕಿ ತಂದು ಹಾಗೆಯೇ ಮಾಡಿದರೂ ನನಗೆ ಇಲ್ಲಿ ಹೊತ್ತು ಹೆಚ್ಚು ಬೇಕಾಗುತ್ತದೆ. ಉರಿ ಜೋರು ಮಾಡಿದರೂ ಪ್ರಯೋಜನವಿಲ್ಲ. ಇದು ಒಲೆಯ ದೋಷವೇ, ನೀರಿನ ದೋಷವೇ?

ಉತ್ತರ: ಅಕ್ಕಿ ಬೇಯುವುದು ನೀರು ಕುದಿಯುತ್ತಿದೆ ಎಂಬ ಕಾರಣಕ್ಕಲ್ಲ, ನೀರು ಬಿಸಿಯಾಗಿದೆ ಎಂಬ ಕಾರಣಕ್ಕೆ. ನಿಮ್ಮ ತಾಯಿಯವರ ಪಾತ್ರೆಯಲ್ಲಿ ಕುದಿಯುವ ನೀರು 100 ಡಿಗ್ರಿ ಇದ್ದರೆ ನಿಮ್ಮ ಪಾತ್ರೆಯಲ್ಲಿ 97. ಉಷ್ಣತೆ 10 ಡಿಗ್ರಿ ಇಳಿದರೆ ಬೇಯುವ ವೇಗ ಸುಮಾರು ಅರ್ಧವಾಗುತ್ತದೆ ಎಂಬ ಸ್ಥೂಲ ಅಂದಾಜನ್ನು ಹಿಡಿದರೆ, ಈ 3 ಡಿಗ್ರಿಯಿಂದ ಬೇಯುವ ಹೊತ್ತು ಐದನೇ ಒಂದು ಭಾಗದಷ್ಟು ಹೆಚ್ಚುತ್ತದೆ. ಅಲ್ಲಿ ಐವತ್ತು ನಿಮಿಷ ಹಿಡಿದರೆ ಇಲ್ಲಿ ಒಂದು ಗಂಟೆ. ಎಸರು ಇಲ್ಲಿ ತುಸು ಬೇಗ ಮರಳುತ್ತದೆ, ಅನ್ನ ತಡವಾಗಿ ಬೇಯುತ್ತದೆ.

ಉರಿ ಜೋರು ಮಾಡುವುದರಿಂದ ಏನೂ ಆಗದು ಎಂಬ ನಿಮ್ಮ ಅನುಭವ ಸರಿಯಾದುದು. ಕುದಿಯತೊಡಗಿದ ಮೇಲೆ ಕೊಟ್ಟ ಶಾಖವೆಲ್ಲ ನೀರನ್ನು ಆವಿಯಾಗಿಸಲು ಹೋಗುತ್ತದೆಯೇ ಹೊರತು ಉಷ್ಣತೆಯನ್ನು ಏರಿಸುವುದಿಲ್ಲ. 1 ಲೀಟರ್ ನೀರನ್ನು 25 ಡಿಗ್ರಿಯಿಂದ 97ಕ್ಕೆ ತರಲು ಸುಮಾರು 300 ಕಿಲೋಜೂಲ್ ಸಾಕು. ಅದೇ ನೀರನ್ನು ಪೂರ್ತಿ ಆವಿಯಾಗಿಸಲು 2,260ಕ್ಕೂ ಹೆಚ್ಚು ಬೇಕು. ಎಸರು ಮರಳಿದ ಮೇಲೆ ಉರಿಯನ್ನು ಸಣ್ಣದಾಗಿಸಿ ಸುಮ್ಮನೆ ಕುದಿಯುವಷ್ಟು ಮಾತ್ರ ಇಟ್ಟರೆ ಅಕ್ಕಿ ಅಷ್ಟೇ ಹೊತ್ತಿನಲ್ಲಿ ಬೇಯುತ್ತದೆ, ಗ್ಯಾಸು ಉಳಿಯುತ್ತದೆ. ತಟ್ಟೆ ಮುಚ್ಚಿದರೆ ಶಾಖ ಉಳಿಯುವುದು ನಿಜ, ಆದರೆ ಸಾಮಾನ್ಯ ತಟ್ಟೆಯಿಂದ ಒತ್ತಡ ಹೆಚ್ಚುವುದಿಲ್ಲ.

ಒತ್ತಡ ಹೆಚ್ಚಿಸಬೇಕಾದರೆ ಕುಕ್ಕರೇ ಬೇಕು. ಮನೆಯ ಕುಕ್ಕರಿನ ವೆಯ್ಟು ಹೊರಗಿನ ಗಾಳಿಯ ಒತ್ತಡಕ್ಕಿಂತ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋಗ್ರಾಂ ಹೆಚ್ಚು ಒತ್ತಡವನ್ನು ಒಳಗೆ ಹಿಡಿದಿಡುತ್ತದೆ. ಆಗ ನೀರು ಮಂಗಳೂರಿನಲ್ಲಿ 120 ಡಿಗ್ರಿಯ ಹತ್ತಿರ, ಬೆಂಗಳೂರಿನಲ್ಲಿ 118ರಿಂದ 119 ಡಿಗ್ರಿಯಲ್ಲಿ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿದ್ದ 3 ಡಿಗ್ರಿಯ ಅಂತರ ಇಲ್ಲಿ ಒಂದೂವರೆಗೆ ಇಳಿಯುವುದನ್ನು ಗಮನಿಸಿ. ಮೊದಲ ಕೂಗಿನ ನಂತರ ಉರಿ ಸಣ್ಣದಾಗಿಸಿದರೂ ಒಳಗಿನ ಬಿಸಿ ಕಡಿಮೆಯಾಗುವುದಿಲ್ಲ. ಐದು ಕೂಗು ಹಾಕಿಸಿದರೆ ಐದು ಸಲ ಆವಿ ಹೊರಹೋಗುತ್ತದೆ, ಅಷ್ಟೇ. ಈ ಉಪಾಯವನ್ನು ಮೊದಲು ಕಂಡುಕೊಂಡವರು ಫ್ರಾನ್ಸಿನ ಡೆನಿ ಪಾಪಿನ್. 1679ರಲ್ಲಿ ಲಂಡನ್ನಿನಲ್ಲಿ ಅವರು ತಮ್ಮ ಬಿಗಿಮುಚ್ಚಳದ ಪಾತ್ರೆಯಲ್ಲಿ ಮೂಳೆಗಳನ್ನೂ ಮೆತ್ತಗಾಗುವಂತೆ ಬೇಯಿಸಿ ತೋರಿಸಿದರು.

ನಿಮ್ಮ ಗಂಜಿಯ ಮಾತು ಹೀಗಾದರೆ ಬೇಳೆ, ಕಡಲೆಕಾಳು, ಹುರುಳಿಗಳ ಮಾತು ಸ್ವಲ್ಪ ಬೇರೆ. ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಬಳಸುವ ಬೋರ್‌ವೆಲ್ ನೀರು ಗಡಸು. ಅದರಲ್ಲಿರುವ ಸುಣ್ಣದ ಅಂಶ ಕಾಳಿನ ಜೀವಕೋಶಗಳ ನಡುವಿನ ಅಂಟಿನೊಂದಿಗೆ ಸೇರಿ ಕಾಳು ಮೆತ್ತಗಾಗದಂತೆ ತಡೆಯುತ್ತದೆ. ಬೇಳೆ ಬೇಯದಿದ್ದಾಗ ಎತ್ತರವನ್ನಷ್ಟೇ ದೂರುವುದು ನ್ಯಾಯವಲ್ಲ.

ಎತ್ತರ ಇನ್ನೂ ಹೆಚ್ಚಿದರೆ ಕಷ್ಟವೂ ಹೆಚ್ಚುತ್ತದೆ. ನಂದಿಬೆಟ್ಟದ ನೆತ್ತಿಯ ಮೇಲೆ ನೀರು ಕುದಿಯುವುದು ಸುಮಾರು 95 ಡಿಗ್ರಿಯಲ್ಲಿ, ಮುಳ್ಳಯ್ಯನಗಿರಿಯಲ್ಲಿ 94ರ ಆಸುಪಾಸು, 3,500 ಮೀಟರ್ ಎತ್ತರದ ಲೇಹ್‌ನಲ್ಲಿ 88, ಎವರೆಸ್ಟ್ ಶಿಖರದಲ್ಲಿ 71. 1835ರಲ್ಲಿ ಚಾರ್ಲ್ಸ್ ಡಾರ್ವಿನ್ ಆಂಡಿಸ್ ಪರ್ವತಗಳನ್ನು ದಾಟುವಾಗ ರಾತ್ರಿಯಿಡೀ ಬೆಂಕಿಯ ಮೇಲಿದ್ದ ಆಲೂಗಡ್ಡೆ ಬೆಳಿಗ್ಗೆಯಾದರೂ ಬೆಂದಿರಲಿಲ್ಲ. ಜೊತೆಗಿದ್ದವರು ಪಾತ್ರೆ ಹೊಸದು, ಅದರದೇ ದೋಷ ಎಂದು ತೀರ್ಮಾನಿಸಿದರಂತೆ. ಜಯನಗರದಲ್ಲಿ ಥರ್ಮಾಮೀಟರನ್ನು ದೂರಿದಂತೆ, ನೀವು ಒಲೆಯನ್ನು ಶಂಕಿಸಿದಂತೆ.

ಪ್ರಶ್ನೆ: ಕುಡಿಯಲು ನೀರನ್ನು ಕುದಿಸುತ್ತೇವೆ. ಬೆಂಗಳೂರಿನಲ್ಲಿ 97 ಡಿಗ್ರಿಗೇ ಕುದಿಯುವುದಾದರೆ ಕ್ರಿಮಿಗಳು ಸಾಯುತ್ತವೆಯೇ?

ಉತ್ತರ: ಸಾಯುತ್ತವೆ. ನೀರಿನಿಂದ ಹರಡುವ ಕಾಲರಾ, ವಿಷಮಶೀತ ಜ್ವರಗಳ ರೋಗಾಣುಗಳು 70 ಡಿಗ್ರಿ ದಾಟುವಷ್ಟರಲ್ಲಿಯೇ ಬೇಗ ನಾಶವಾಗುತ್ತವೆ. ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಬಿಟ್ಟರೆ ಇಲ್ಲಿ ಸಾಕು. 2,000 ಮೀಟರ್ ಮೀರಿದ ಊರುಗಳಲ್ಲಿ ಮೂರು ನಿಮಿಷ. ಬೋರ್‌ವೆಲ್ ನೀರಿನಲ್ಲಿರಬಹುದಾದ ನೈಟ್ರೇಟ್, ಫ್ಲೋರೈಡುಗಳು ಮಾತ್ರ ಕುದಿಸುವುದರಿಂದ ಹೋಗುವುದಿಲ್ಲ. ಆಸ್ಪತ್ರೆಯ ಉಪಕರಣಗಳ ವಿಷಯ ಬೇರೆ: ಕೆಲವು ಬ್ಯಾಕ್ಟೀರಿಯಾಗಳ ಬೀಜಾಣುಗಳು 100 ಡಿಗ್ರಿಯನ್ನೂ ತಾಳಿಕೊಳ್ಳುವುದರಿಂದ ಅಲ್ಲಿ ಆಟೋಕ್ಲೇವಿನ, ಅಂದರೆ ಕುಕ್ಕರಿನಂತೆ ಒತ್ತಡದ ಆವಿಯಿಂದ ಕ್ರಿಮಿಗಳನ್ನು ಕೊಲ್ಲುವ ಉಪಕರಣದ, 121 ಡಿಗ್ರಿ ಬೇಕು.

ಪ್ರಶ್ನೆ: ನಾನು ಯಲಹಂಕದಲ್ಲಿ ಪಿಯುಸಿ ವಿದ್ಯಾರ್ಥಿ. ಒತ್ತಡವನ್ನು ತುಂಬ ಕಡಿಮೆ ಮಾಡಿದರೆ ಒಲೆಯೇ ಇಲ್ಲದೆ ನೀರು ಕುದಿಯುತ್ತದೆಯೇ? ಹಾಗೆ ಕುದಿದ ನೀರು ಮುಟ್ಟಿದರೆ ಸುಡುತ್ತದೆಯೇ?

ಉತ್ತರ: ಕುದಿಯುತ್ತದೆ, ನೀರು ತಣ್ಣಗಿದ್ದರೆ ಸುಡುವುದಿಲ್ಲ. ಇದನ್ನು ನೀವೇ ನೋಡಬಹುದು. ಸೂಜಿಯಿಲ್ಲದ 20 ಮಿಲಿಲೀಟರಿನ ಹೊಸ ಸಿರಿಂಜಿಗೆ 60 ಡಿಗ್ರಿಯಷ್ಟು ಬಿಸಿಯಿರುವ ನೀರನ್ನು ಕಾಲುಭಾಗ ಎಳೆದುಕೊಳ್ಳಿ. ಒಳಗಿನ ಗಾಳಿಯನ್ನೆಲ್ಲ ಹೊರದೂಡಿ, ತುದಿಯನ್ನು ಅದರ ಮುಚ್ಚಳದಿಂದ ಭದ್ರವಾಗಿ ಮುಚ್ಚಿ, ಹಿಡಿಯನ್ನು ಜೋರಾಗಿ ಹಿಂದಕ್ಕೆಳೆಯಿರಿ. ನೀರು ಕೂಡಲೇ ಕುದಿಯುತ್ತದೆ. ಹಿಡಿ ಬಿಟ್ಟರೆ ನಿಲ್ಲುತ್ತದೆ. 60 ಡಿಗ್ರಿಯಲ್ಲಿ ಆವಿಯ ಒತ್ತಡ ಸುಮಾರು 200 ಹೆಕ್ಟೋಪಾಸ್ಕಲ್. ನಿಮ್ಮ ಕೈಬಲ ಒಳಗಿನ ಒತ್ತಡವನ್ನು ಅಷ್ಟಕ್ಕೆ ಇಳಿಸಿದೆ. ಆ ಬಿಸಿಯ ನೀರು ಚರ್ಮವನ್ನು ಸುಡಬಲ್ಲದು, ಆದ್ದರಿಂದ ಎಚ್ಚರಿಕೆಯಿಂದ ಮಾಡಿ. ತಣ್ಣೀರಿನಲ್ಲಿ ಮಾಡಿದರೆ ಮೊದಲು ಬರುವ ಗುಳ್ಳೆಗಳು ನೀರಿನಲ್ಲಿ ಕರಗಿದ್ದ ಗಾಳಿಯವು. ಅವನ್ನು ಕುದಿಯುವಿಕೆ ಎಂದು ತಿಳಿಯಬಾರದು.

ನಿರ್ವಾತ ಪಂಪಿನಿಂದ ಗಾಳಿ ತೆಗೆಯುತ್ತಾ ಹೋದರೆ 25 ಡಿಗ್ರಿಯ ನೀರು 32 ಹೆಕ್ಟೋಪಾಸ್ಕಲಿನಲ್ಲಿ ಕುದಿಯತೊಡಗುತ್ತದೆ. ಆವಿಯಾಗಲು ಬೇಕಾದ ಶಾಖ ಒಲೆಯಿಂದ ಬರುತ್ತಿಲ್ಲ. ಹಾಗಾದರೆ ಎಲ್ಲಿಂದ ಬರಬೇಕು? ಉಳಿದ ನೀರಿನಿಂದಲೇ. ಹೀಗಾಗಿ ನೀರು ಕುದಿಯುತ್ತಾ ಕುದಿಯುತ್ತಾ ತಣ್ಣಗಾಗುತ್ತದೆ. ನೂರರಲ್ಲಿ ನಾಲ್ಕು ಭಾಗ ಆವಿಯಾಗುವಷ್ಟರಲ್ಲಿ ಉಳಿದದ್ದು ಸೊನ್ನೆ ಡಿಗ್ರಿಗೆ ಬಂದಿರುತ್ತದೆ. ಒತ್ತಡ 6.1 ಹೆಕ್ಟೋಪಾಸ್ಕಲ್ ಮುಟ್ಟಿದಾಗ ಕುದಿಯುವ ನೀರು ಕಣ್ಣೆದುರೇ ಮಂಜುಗಡ್ಡೆಯಾಗುತ್ತದೆ. ದ್ರವ, ಆವಿ, ಘನ ಮೂರೂ ಒಂದೇ ಪಾತ್ರೆಯಲ್ಲಿ ಒಟ್ಟಿಗಿರುತ್ತವೆ. ಭೌತಶಾಸ್ತ್ರದಲ್ಲಿ ಇದಕ್ಕಿಂತ ಸುಂದರವಾದ ನೋಟಗಳು ಹೆಚ್ಚಿಲ್ಲವೆಂದು ನನ್ನ ನಂಬಿಕೆ. ಸ್ಕಾಟ್ಲೆಂಡಿನ ಜಾನ್ ಲೆಸ್ಲಿ 1810ರಲ್ಲಿ ಗಾಳಿ ತೆಗೆದ ಪಾತ್ರೆಯಲ್ಲಿ, ಆವಿಯನ್ನು ಹೀರಿಕೊಳ್ಳಲು ಗಂಧಕಾಮ್ಲವನ್ನಿಟ್ಟು, ಹೀಗೆ ಮಂಜುಗಡ್ಡೆ ತಯಾರಿಸಿದ್ದರು. ಮಂಗಳ ಗ್ರಹದ ನೆಲದ ಮೇಲಿನ ಸರಾಸರಿ ಒತ್ತಡವೂ ಸುಮಾರು 6 ಹೆಕ್ಟೋಪಾಸ್ಕಲ್ ಇರುವುದರಿಂದ ಅಲ್ಲಿ ದ್ರವರೂಪದ ನೀರು ನಿಲ್ಲುವುದು ಕಷ್ಟ. ನಮ್ಮಲ್ಲಿಯೇ 19 ಕಿಲೋಮೀಟರ್ ಮೇಲೆ ಹೋದರೆ ನೀರು 37 ಡಿಗ್ರಿಯಲ್ಲಿ, ಅಂದರೆ ಮೈಬಿಸಿಯಲ್ಲಿಯೇ ಕುದಿಯುತ್ತದೆ. ಅಷ್ಟು ಎತ್ತರಕ್ಕೆ ಹಾರುವವರಿಗೆ ಒತ್ತಡ ತುಂಬಿದ ಉಡುಪು ಕಡ್ಡಾಯವಾಗಿರುವುದಕ್ಕೆ ಇದೂ ಒಂದು ಕಾರಣ.

ಪ್ರಶ್ನೆ: ಕೆಂಗೇರಿಯಲ್ಲಿದ್ದೇನೆ, ಊರು ಮಂಡ್ಯದ ಕಡೆ. ನಮ್ಮ ಆಲೆಮನೆಯಲ್ಲಿ ಅದೇ ಕಬ್ಬಿನ ಹಾಲು ಕುದಿದು ಕಂದುಬಣ್ಣದ ಬೆಲ್ಲವಾಗುತ್ತದೆ, ಕಾರ್ಖಾನೆಯಲ್ಲಿ ಬಿಳಿ ಸಕ್ಕರೆಯಾಗುತ್ತದೆ. ಇದಕ್ಕೂ ಒತ್ತಡಕ್ಕೂ ಸಂಬಂಧವಿದೆಯೇ?

ಉತ್ತರ: ಇದೆ. ಕಾರ್ಖಾನೆಯಲ್ಲಿ ಬಣ್ಣ ತೆಗೆಯುವ ಬೇರೆ ಕ್ರಮಗಳೂ ಉಂಟು, ಸಕ್ಕರೆಯ ಹರಳನ್ನು ಕಾಕಂಬಿಯಿಂದ ಬೇರ್ಪಡಿಸುವುದೂ ಉಂಟು. ಆದರೆ ಕುದಿಸುವ ವಿಧಾನವೇ ಮೂಲದಲ್ಲಿ ಬೇರೆ. ಆಲೆಮನೆಯ ತೆರೆದ ಕೊಪ್ಪರಿಗೆಯಲ್ಲಿ ಹಾಲು ಗಟ್ಟಿಯಾದಂತೆ ಅದರ ಕುದಿಬಿಂದು ಏರುತ್ತಾ ಹೋಗುತ್ತದೆ, ಪಾಕ ಹದಕ್ಕೆ ಬರುವ ಹೊತ್ತಿಗೆ 115 ಡಿಗ್ರಿ ದಾಟಿರುತ್ತದೆ. ಆ ಬಿಸಿಯಲ್ಲಿ ಸಕ್ಕರೆ ಸ್ವಲ್ಪ ಸ್ವಲ್ಪವೇ ಕಂದುತ್ತದೆ. ಬೆಲ್ಲದ ಬಣ್ಣ, ಕಂಪು, ರುಚಿಗಳಲ್ಲಿ ಒಂದು ಪಾಲು ಹೀಗೆ ಬಂದದ್ದು. ಹರಳು ಸಕ್ಕರೆ ಮಾಡುವವರಿಗೆ ಅದು ನಷ್ಟ. ಅದನ್ನು ತಪ್ಪಿಸಲು ಇಂಗ್ಲೆಂಡಿನ ಎಡ್ವರ್ಡ್ ಚಾರ್ಲ್ಸ್ ಹೊವರ್ಡ್ 1813ರಲ್ಲಿ ಮುಚ್ಚಿದ ನಿರ್ವಾತ ಪಾತ್ರೆಯೊಂದಕ್ಕೆ ಪೇಟೆಂಟ್ ಪಡೆದರು. ಒಳಗಿನ ಒತ್ತಡ ಇಳಿಸಿದ ಅಂಥ ಪಾತ್ರೆಯಲ್ಲಿ ಸಕ್ಕರೆ ಪಾಕ 65ರಿಂದ 70 ಡಿಗ್ರಿಯಲ್ಲಿಯೇ ಕುದಿದು ಹರಳುಗಟ್ಟುತ್ತದೆ. ಇಂದಿಗೂ ಸಕ್ಕರೆ ಕಾರ್ಖಾನೆಗಳು ನಡೆಯುವುದು ಆ ಪಾತ್ರೆಯ ಮೇಲೆಯೇ.

ಇದರ ನಂತರ ಬಂದ ಇನ್ನೊಂದು ಉಪಾಯ ನನಗೆ ಇದಕ್ಕಿಂತ ಹೆಚ್ಚು ಮೆಚ್ಚುಗೆಯಾದುದು. ಅಮೆರಿಕದ ನ್ಯೂ ಆರ್ಲಿಯನ್ಸಿನ ನಾರ್ಬರ್ಟ್ ರಿಲ್ಯೂ 1843ರಲ್ಲಿ ಪೇಟೆಂಟ್ ಪಡೆದ ಕ್ರಮದಲ್ಲಿ ಪಾತ್ರೆಗಳನ್ನು ಸಾಲಾಗಿ ಜೋಡಿಸಿ, ಒಂದಕ್ಕಿಂತ ಒಂದರಲ್ಲಿ ಒತ್ತಡವನ್ನು ಕಡಿಮೆ ಇಡಲಾಗುತ್ತದೆ. ಮೊದಲ ಪಾತ್ರೆಯ ರಸದಿಂದ ಎದ್ದ ಆವಿಯನ್ನು ಹೊರಗೆ ಬಿಡದೆ ಎರಡನೆಯದನ್ನು ಕಾಯಿಸಲು ಕಳುಹಿಸುತ್ತಾರೆ. ಅಲ್ಲಿ ಕುದಿಬಿಂದು ಇನ್ನೂ ಕೆಳಗಿರುವುದರಿಂದ ತುಸು ತಣಿದ ಆವಿಯೂ ರಸವನ್ನು ಕುದಿಸಬಲ್ಲದು. ಎರಡನೆಯದರ ಆವಿ ಮೂರನೆಯದಕ್ಕೆ, ಮೂರನೆಯದರದು ನಾಲ್ಕನೆಯದಕ್ಕೆ. ಒಮ್ಮೆ ಕೊಟ್ಟ ಶಾಖ ನಾಲ್ಕು ಸಲ ದುಡಿಯುತ್ತದೆ, ಕೊನೆಯ ಪಾತ್ರೆಯಲ್ಲಿ ಕಬ್ಬಿನ ರಸ 60 ಡಿಗ್ರಿಗೂ ಕಡಿಮೆ ಬಿಸಿಯಲ್ಲಿ ಕುದಿಯುತ್ತಿರುತ್ತದೆ. ಹಾಲಿನ ಪುಡಿ ಮಾಡುವ ಘಟಕಗಳಲ್ಲಿ, ಹಾಲು ಸೀಯದಂತೆ ನೀರಿನಂಶ ತೆಗೆಯುವುದೂ ಇದೇ ರೀತಿಯ ಪಾತ್ರೆಗಳ ಸಾಲಿನಲ್ಲಿ.